ದೇವೀರಿ ಖಾಲಿ ಮಾಡಿದ ಚೀಲಗಳು

ಗುರುಮಲ್ಲಯ್ಯನವರಿಗೆ ಒಂದು ಅಭ್ಯಾಸವಿತ್ತು. ಹಸುಗಳ ಹಿಂಡಿ ಮುಗಿದು ಚೀಲ ಖಾಲಿಯಾದಾಗ ಅದನ್ನು ತಲೆಕೆಳಗಾಗಿ ಹಿಡಿದು ಮೂರು ಸಲ ಕೊಡವುತ್ತಿದ್ದರು. ಆಮೇಲೆ ಚೀಲದ ಬಾಯಿ ಅಗಲಿಸಿ, ಕುತ್ತಿಗೆಯವರೆಗೆ ತಲೆಯನ್ನು ಒಳಗೆ ಹಾಕಿ, ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದರು.

ತಲೆ ಹೊರಗೆ ಬಂದಾಗ ಗಡ್ಡದ ತುಂಬ ಹಿಂಡಿಯ ಪುಡಿ. ಒರೆಸಿಕೊಳ್ಳುತ್ತಿರಲಿಲ್ಲ. ಚೀಲವನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಿಗೆಯ ಅಟ್ಟದ ಮೇಲಿಡುತ್ತಿದ್ದರು.

ಹೊಳೆದಂಡೆಯ ಅವರ ಆಶ್ರಮದಲ್ಲಿ ಎರಡು ಕೋಣೆ, ಒಂದು ಕೊಟ್ಟಿಗೆ, ನಾಲ್ಕು ಹಸು. ಸುತ್ತಲಿನ ಊರಿನವರು ಗುರುಗಳನ್ನು 'ಬುದ್ಧಿ' ಎಂದು ಕರೆಯುತ್ತಿದ್ದರು.

ದೇವೀರಿ ಬಂದ ದಿನವೂ ಅವರ ತಲೆ ಚೀಲದೊಳಗಿತ್ತು.

"ಬುದ್ಧಿ, ಒಳಗೆ ಏನು ನೋಡ್ತಿದ್ದೀರಿ?"

"ಗೊತ್ತಾಗ್ತಿಲ್ಲ," ಎಂದಿತು ಚೀಲ. "ನೀನು ಬಂದು ಬೆಳಕಿಗೆ ಅಡ್ಡ ನಿಂತೆ."

ಅವಳು ಪಕ್ಕಕ್ಕೆ ಸರಿದಳು. ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ.

ದೇವೀರಿಗೆ ಮೂವತ್ತು ದಾಟಿತ್ತು. ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಿದ್ದಳು. ಬರೀ ಕಾಲರ್. ತೋಳಿನವರು ಬೇರೆ, ಜೇಬಿನವರು ಬೇರೆ, ಗುಂಡಿಯವರು ಬೇರೆ. ಒಂದು ಇಡೀ ಅಂಗಿಯನ್ನು ಅವಳು ಯಾವತ್ತೂ ಹೊಲಿದಿರಲಿಲ್ಲ. ಈಗ ಕಾರ್ಖಾನೆ ಮುಚ್ಚಿತ್ತು. ಅಣ್ಣನ ಮನೆಯಲ್ಲಿ ಅತ್ತಿಗೆ ಪಾತ್ರೆ ಜೋಡಿಸುತ್ತಾ, "ಇನ್ನೆಷ್ಟು ದಿನ ಇರ್ತೀಯಮ್ಮ?" ಎಂದು ಕೇಳಿದ್ದಳು.

"ನಾನಿಲ್ಲಿ ಇರಬಹುದಾ ಬುದ್ಧಿ? ನಿಮ್ಮ ಶಿಷ್ಯೆಯಾಗಿ?"

"ಹಸು ಕಂಡ್ರೆ ಭಯವಾ?"

"ಇಲ್ಲ."

"ಹಾಗಾದ್ರೆ ನಾಲ್ಕಕ್ಕೂ ನೀರು ಕುಡಿಸಿ ಬಾ."

ಕುಡಿಸಿ ಬಂದಳು. ಗುರುಗಳು ನಿದ್ದೆ ಹೋಗಿದ್ದರು. ಇರು ಎಂದರೋ, ನೀರು ಕುಡಿಸಿ ಹೋಗು ಎಂದರೋ, ಅವಳಿಗೆ ಗೊತ್ತಾಗಲಿಲ್ಲ. ಕೇಳಲು ಸಂಕೋಚವಾಗಿ ಉಳಿದುಕೊಂಡಳು.

ಹತ್ತು ದಿನವಾಯಿತು. ಗುರುಗಳು ಏನೂ ಉಪದೇಶಿಸಲಿಲ್ಲ. ಸಗಣಿ ಬಾಚಿದಳು, ಹುಲ್ಲು ಹಾಕಿದಳು, ಬೆಳಿಗ್ಗೆ ಸಂಜೆ ಹಿಂಡಿ ಕಲಸಿಟ್ಟಳು. ಹನ್ನೊಂದನೇ ದಿನ ತಡೆಯಲಾಗಲಿಲ್ಲ.

"ಬುದ್ಧಿ, ನನಗೇನಾದ್ರೂ ಹೇಳಿಕೊಡಿ."

ಗುರುಗಳು ಅಟ್ಟದ ಕಡೆ ಕೈ ತೋರಿಸಿದರು. "ಅಲ್ಲಿ ಹನ್ನೊಂದು ಖಾಲಿ ಚೀಲ ಇವೆ. ಏನು ಮಾಡೋದು ಅಂತ ಎಷ್ಟು ಯೋಚನೆ ಮಾಡಿದ್ರೂ ನನಗೆ ಹೊಳೀತಿಲ್ಲ. ನಿನಗೆ ಹೊಳೆದ್ರೆ ನನಗೆ ಹೇಳಿಕೊಡು."

ಕಲಿಯಲು ಬಂದವಳು ಕಲಿಸಬೇಕೇ? ಅವಳು ಚೀಲಗಳನ್ನು ಇಳಿಸಿಕೊಂಡಳು. ಹೊಳೆಗೆ ಒಯ್ದು ಒಗೆದು ಬಂಡೆಯ ಮೇಲೆ ಹರವಿದಳು. ಪ್ರತಿ ಚೀಲದ ನಡುವೆ ದೊಡ್ಡ ಕಣ್ಣಿನ ಒಂದು ಹಸುವಿನ ಚಿತ್ರ. ಹನ್ನೊಂದು ಹಸುಗಳು ಬಂಡೆಯ ಮೇಲೆ ಒಣಗಿದವು.

ದಬ್ಬಳ, ನೈಲಾನ್ ದಾರ ಹಿಡಿದು ಕೂತಳು. ಚೀಲಗಳ ಬದಿಯನ್ನು ಬದಿಗೆ ಸೇರಿಸಿ, ನಾಲ್ಕು ಚೀಲದಲ್ಲಿ ಪ್ರಾರ್ಥನೆಗೆ ಕೂರಲು ಒಂದು ಚಾಪೆ. ಎರಡು ಚೀಲದಲ್ಲಿ ಕೊಟ್ಟಿಗೆಯ ಕಿಟಕಿಗೆ ಪರದೆ. ಒಂದು ಚೀಲದ ಮೂಲೆಯನ್ನು ಅದರದೇ ಇನ್ನೊಂದು ಮೂಲೆಯೊಳಗೆ ತೂರಿಸಿ, ಅಂಚು ಹೊಲಿದು, ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಕೊಪ್ಪೆ. ಮೊದಲ ಬಾರಿಗೆ ಅವಳ ಕೈಯಿಂದ ಇಡೀ ವಸ್ತುಗಳು ಹೊರಬರುತ್ತಿದ್ದವು. ಶುರುವೂ ಅವಳದೇ, ಕೊನೆಯೂ ಅವಳದೇ.

ಚಾಪೆ ಹಾಸಿದಳು. ಗುರುಗಳು ಬಂದು ಅದರ ಪಕ್ಕದಲ್ಲಿ, ಬರಿ ನೆಲದ ಮೇಲೆ ಕೂತರು.

"ಚೆನ್ನಾಗಿಲ್ವಾ ಬುದ್ಧಿ?"

"ಬಹಳ ಚೆನ್ನಾಗಿದೆ."

"ಮತ್ತೆ ಮೇಲೆ ಕೂತ್ಕೊಳ್ಳಿ."

"ಹೆಂಗೆ ಕೂರ್ಲಿ? ಹಸು ಮಲಗಿದೆಯಲ್ಲ."

ದೇವೀರಿ ಚಾಪೆಯನ್ನು ಮಗುಚಿ ಹಾಸಿದಳು. ಚಿತ್ರ ಅಡಿಗೆ ಹೋಯಿತು. ಗುರುಗಳು ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಈಗ ಹಸು ಎಲ್ಲಿ ಹೋಯ್ತು?"

ಅದು ತಮಾಷೆಯೋ ಪಾಠವೋ ಎಂದು ಅವಳು ಇಡೀ ದಿನ ಯೋಚಿಸಿದಳು.

ಸಂಜೆ ಕೇಳಿದಳು. "ನಾನು ಇರಬಹುದಾ ಬುದ್ಧಿ?"

"ಕೌಲೆ ಯಾಕೋ ಬಾಲ ಜಾಸ್ತಿ ಬೀಸ್ತಿದಾಳೆ. ನೊಣ ಇರಬೇಕು, ನೋಡು."

ಕೌಲೆ ನಾಲ್ಕು ಹಸುಗಳಲ್ಲಿ ಹಿರಿಯದು. ಏಳು ತಿಂಗಳ ಗಬ್ಬ.

ಉಳಿದ ನಾಲ್ಕು ಚೀಲವನ್ನು ದೇವೀರಿ ಕತ್ತರಿಸಿ, ಒಳಪಟ್ಟಿ ಕೊಟ್ಟು, ಹೆಗಲಿಗೆ ಹಾಕುವ ಬ್ಯಾಗು ಮಾಡಿದಳು. ಒಂದನ್ನು ದಿನಾ ಹೂವು ತರುವ ಸಾಕಮ್ಮನಿಗೆ ಕೊಟ್ಟಳು.

ಸಾಕಮ್ಮ ಬ್ಯಾಗನ್ನು ಒಳಗೆ ಹೊರಗೆ ತಿರುಗಿಸಿ ನೋಡಿದಳು. "ಅಯ್ಯೋ, ಇದು ಹಿಂಡಿ ಚೀಲವೇನೇ? ನನ್ನ ಮದುವೆ ಸೀರೆಗೂ ಇಂಥಾ ಹೊಲಿಗೆ ಇರ್ಲಿಲ್ಲ. ಹಸು ಮುಖ ಬೇರೆ ಎದ್ದು ಕಾಣ್ತದೆ. ನಮ್ಮೆಜಮಾನ್ರು ನೋಡಿದ್ರೆ, ಅತ್ತೆ ಫೋಟೋ ಯಾಕೆ ಹಾಕಿಸಿದ್ದೀಯ ಅಂತಾರೆ!"

ದೇವೀರಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಒಂಬತ್ತು ವರ್ಷದಲ್ಲಿ ಅವಳ ಕಾಲರನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಮರುದಿನ ಮೂವರು ಬಂದು ಉಳಿದ ಮೂರು ಬ್ಯಾಗನ್ನೂ ಒಯ್ದರು. ಆಮೇಲಿನ ವಾರ ಸಾಕಮ್ಮ ತಮ್ಮೂರ ಮಹಿಳಾ ಸಂಘದ ಪರವಾಗಿ ಬಂದಳು. ಹೆಂಗಸರೆಲ್ಲ ಬೆಟ್ಟಕ್ಕೆ ನಡೆದು ಹೋಗುವವರಿದ್ದರು. "ಹನ್ನೆರಡು ಬ್ಯಾಗು ಬೇಕು ಕಣೆ. ಎಲ್ಲಾರೂ ಒಂದೇ ಥರ ಹಾಕ್ಕೊಂಡು ಹೋದ್ರೆ ದಾರೀಲಿ ಜನ ತಿರುಗಿ ನೋಡ್ಬೇಕು."

"ಆಗಲಿ ಸಾಕಕ್ಕ," ಎಂದಳು ದೇವೀರಿ.

ಒಂದು ಚೀಲದಲ್ಲಿ ಎರಡು ಬ್ಯಾಗು ಬರುವಂತೆ ಲೆಕ್ಕ ಹಾಕಿದಳು. ಆದರೂ ಆರು ಚೀಲ ಬೇಕು. ಆಶ್ರಮದಲ್ಲಿ ವಾರಕ್ಕೆ ಖಾಲಿಯಾಗುವುದು ಒಂದು.

ಉಗ್ರಾಣದಲ್ಲಿ ಹೊಸದಾಗಿ ಬಂದ ಆರು ತುಂಬಿದ ಮೂಟೆ ಒಂದರ ಮೇಲೊಂದು ಇದ್ದವು.

ದೇವೀರಿ ಅವುಗಳ ಮುಂದೆ ಬಹಳ ಹೊತ್ತು ನಿಂತಳು. ಹಿಂಡಿ ಚೀಲದಲ್ಲಿದ್ದರೇನು, ನೆಲದ ಮೇಲಿದ್ದರೇನು? ಹಸು ತಿನ್ನುವುದು ಹಿಂಡಿಯನ್ನು, ಚೀಲವನ್ನಲ್ಲ. ಮೂಲೆಯಲ್ಲಿ ಒಂದು ಹಳೆಯ ಟಾರ್ಪಾಲು ಹಾಸಿದಳು. ಮೂಟೆಯ ಬಾಯಿಯ ದಾರದ ತುದಿ ಹಿಡಿದು ಎಳೆದಳು. ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಆರು ಮೂಟೆಯೂ ಸೊಂಟದೆತ್ತರದ ಒಂದೇ ರಾಶಿಯಾಯಿತು.

ಎರಡು ದಿನದ ಮೇಲೆ ಗುರುಗಳು ಅಂದರು, "ಈ ವಾರ ಕೊಡವಕ್ಕೆ ಒಂದು ಚೀಲಾನೂ ಸಿಗ್ಲಿಲ್ಲ."

"ಹೊಲಿದುಬಿಟ್ಟೆ ಬುದ್ಧಿ."

"ಖಾಲಿ ಆಗಿತ್ತಾ?"

"ಖಾಲಿ ಮಾಡಿದೆ."

ಗುರುಗಳು ಅವಳ ಮುಖ ನೋಡಿದರು. "ಸರಿ," ಎಂದು ಹೊಳೆಗೆ ಹೋದರು. ಆ 'ಸರಿ'ಯ ಅರ್ಥ ಸರಿ ಎಂದೇ ಇರಬೇಕು ಎಂದುಕೊಂಡಳು.

ಹನ್ನೆರಡು ಬ್ಯಾಗು ಮುಗಿದವು. ಹೆಂಗಸರು ಬೆಟ್ಟಕ್ಕೆ ಹೋಗಿ ಬಂದರು. ಮಳೆ ಹಿಡಿಯಿತು. ಹೊಳೆ ತುಂಬಿತು, ಉಗ್ರಾಣದ ನೆಲ ತಣ್ಣಗೆ ಬೆವರತೊಡಗಿತು. ದೇವೀರಿ ದಿನಾ ರಾಶಿಯ ಮೇಲಿಂದ ಬಾಚಿಕೊಂಡು ಕಲಸುತ್ತಿದ್ದಳು. ಮೇಲಿನದು ಚೆನ್ನಾಗೇ ಇತ್ತು. ತಳ ಸಮೀಪಿಸಿದಾಗ ಗಟ್ಟಿ ಗಟ್ಟಿ ಹೆಂಟೆ ಸಿಕ್ಕವು. ಮೂಟೆಯಲ್ಲಿ ಭಾರ ಬಿದ್ದು ಹೀಗಾಗಿದೆ ಎಂದುಕೊಂಡು ಕೈಯಲ್ಲೇ ಪುಡಿ ಮಾಡಿ ಹಾಕಿದಳು. ಹಸಿರು ದೂಳು ಎದ್ದು ಸೀನು ಬಂತು.

ಮೂರು ಹಸುಗಳು ಮೂಸಿ ಮುಖ ತಿರುಗಿಸಿದವು. ಕೌಲೆಗೆ ಗಬ್ಬದ ಹಸಿವು. ತನ್ನದನ್ನೂ ತಿಂದಳು, ಪಕ್ಕದವಳದನ್ನೂ ತಿಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಕೌಲೆ ಏಳಲಿಲ್ಲ.

ಪಶುವೈದ್ಯರು ಬಂದು ಕಣ್ಣು ನೋಡಿದರು, ಹೊಟ್ಟೆಗೆ ಕಿವಿಗೊಟ್ಟರು, ಉಗ್ರಾಣಕ್ಕೆ ಹೋಗಿ ಒಂದು ಹಿಡಿ ಹಿಂಡಿ ತಂದು ಮೂಗಿನ ಹತ್ತಿರ ಹಿಡಿದರು. "ಬೂಷ್ಟು ಹಿಡಿದಿದೆ. ಯಾರ್ರೀ ಇದನ್ನ ಮೂಟೆಯಿಂದ ಸುರಿದವರು?"

ಉತ್ತರಕ್ಕೆ ಕಾಯದೆ ಅವರು ಸೂಜಿ ಚುಚ್ಚಿದರು, ರಕ್ತನಾಳಕ್ಕೆ ಬಾಟಲಿ ಏರಿಸಿದರು.

"ಕಾಲು ಚಾಚಿ ಪೂರ್ತಿ ಪಕ್ಕಕ್ಕೆ ಬೀಳಕ್ಕೆ ಬಿಡಬೇಡಿ. ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತೆ. ಚೀಲಕ್ಕೆ ಒಣಹುಲ್ಲು ತುಂಬಿ ಎರಡೂ ಕಡೆ ಒತ್ತುಕೊಡಿ. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ನಾಳೆ ಬೆಳಿಗ್ಗೆವರೆಗೆ ಎದೆ ಮೇಲೆ ಕೂತಿದ್ರೆ ಬದುಕ್ತಾಳೆ."

"ಹೊಟ್ಟೇಲಿರೋದು?" ಎಂದರು ಗುರುಗಳು.

"ಅದು ನಾಳೆಯ ಮಾತು ಬುದ್ಧಿ."

ವೈದ್ಯರು ಹೋದರು. ದೇವೀರಿ ಗುರುಗಳ ಕಾಲ ಬಳಿ ಕುಸಿದಳು.

"ಸುರಿದವಳು ನಾನು."

"ಗೊತ್ತು."

"ಅವತ್ತೇ ಗೊತ್ತಿತ್ತಾ?"

"ಖಾಲಿ ಮಾಡಿದೆ ಅಂತ ನೀನು ಹೇಳ್ದೆ. ನಾನು ಕೇಳಿಸಿಕೊಂಡೆ. ಹೋಗಿ ನೋಡ್ಲಿಲ್ಲ."

"ಯಾಕೆ ನೋಡ್ಲಿಲ್ಲ?"

"ನಿನ್ನ ಹೊಲಿಗೆ ಅಷ್ಟು ಚೆನ್ನಾಗಿತ್ತು."

ಇದು ಬೈಗುಳವೋ, ತಪ್ಪೊಪ್ಪಿಗೆಯೋ? ದೇವೀರಿ ಅವರ ಮುಖ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ.

"ನನ್ನನ್ನ ಬೈಯಿರಿ ಬುದ್ಧಿ. ಇಲ್ಲಾ ಹೋಗು ಅನ್ನಿ."

"ಎಂಟು ಚೀಲ ಬೇಕಂತೆ," ಎಂದರು ಗುರುಗಳು. "ಒಂದೂ ಇಲ್ಲವಲ್ಲ."

ದೇವೀರಿ ಎದ್ದಳು. ಚಾಪೆಯನ್ನು ಎಳೆದುಕೊಂಡು ಜಗಲಿಯ ಮೇಲೆ ಕೂತು, ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಬಿಚ್ಚುವವರೂ ಬೇರೆಯೇ ಇದ್ದರು. ಈ ಕೆಲಸ ಅವಳಿಗೆ ಹೊಸತು. ಅಷ್ಟು ಬಿಗಿಯಾಗಿ ಹೊಲಿದದ್ದಕ್ಕೆ ತನ್ನನ್ನೇ ಬೈದುಕೊಂಡಳು. ಬೆರಳು ಕೊಯ್ದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಚಾಪೆ ನಾಲ್ಕು ಚೀಲವಾಯಿತು. ಪರದೆ ಎರಡು ಚೀಲವಾಯಿತು. ಗುರುಗಳು ಹೊದ್ದಿದ್ದ ಕೊಪ್ಪೆಯನ್ನು ತಾವೇ ತೆಗೆದುಕೊಟ್ಟರು. ಅದೂ ಒಂದು ಚೀಲವಾಯಿತು.

ಏಳು.

ಸುದ್ದಿ ಕೇಳಿ ಸಾಕಮ್ಮ ಮಳೆಯಲ್ಲೇ ಓಡಿ ಬಂದಿದ್ದಳು. ಹೆಗಲಿನ ಬ್ಯಾಗು ತೆಗೆದು, ಒಳಗಿದ್ದ ಎಲೆಯಡಿಕೆ, ಬೀಗದ ಕೈ ಎಲ್ಲ ಮಡಿಲಿಗೆ ಸುರಿದುಕೊಂಡಳು. "ಇದನ್ನೂ ಬಿಚ್ಚೇ. ಹಸುಗಿಂತ ಹೆಚ್ಚಾ ನನಗೆ ಇದು?"

ದೇವೀರಿ ಬ್ಯಾಗನ್ನು ಕೈಯಲ್ಲಿ ಹಿಡಿದಳು. ಒಳಪಟ್ಟಿ, ಹಿಡಿ, ಜೇಬು. ಬಿಚ್ಚಿದರೆ ಆರು ತುಂಡು ಬರುತ್ತವೆ. ಚೀಲ ಬರುವುದಿಲ್ಲ.

"ಇದು ಆಗಲ್ಲ ಸಾಕಕ್ಕ. ಕತ್ತರಿಸಿಬಿಟ್ಟಿದ್ದೀನಿ."

"ಉಳಿದವರ ಹತ್ರ ಇರೋದು?"

"ಎಲ್ಲಾನೂ ಕತ್ತರಿಸಿದ್ದೇ."

ಮೂವರೂ ಸೇರಿ ಏಳು ಚೀಲಕ್ಕೆ ಹುಲ್ಲು ತುಂಬಿದರು. ಕೌಲೆಯ ಬಲಕ್ಕೆ ನಾಲ್ಕು, ಎಡಕ್ಕೆ ಮೂರು. ಹಸು ಎಡಭುಜದ ಕಡೆಗೆ ವಾಲಿತು. ಚೀಲ ಸರಿಸಿ ನೋಡಿದರು, ಸೊಂಟದ ಕಡೆ ವಾಲಿತು. ಗೋಣಿ ಬೇಕೆಂದು ಸಾಕಮ್ಮ ಊರಿಗೆ ಓಡಹೊರಟರೆ, ನಡುವಿನ ಹಳ್ಳದ ನೀರು ಏರಿ ದಾರಿ ಮುಚ್ಚಿಹೋಗಿತ್ತು. ಇಳಿಯುವವರೆಗೆ ಕಾಯಬೇಕೆಂದು ಜಗಲಿಯ ಮೇಲೆ ಕೂತಳು.

ಗುರುಗಳು ಸಗಣಿಯ ನೆಲದ ಮೇಲೆ ಕೂತರು. ಕೌಲೆಯ ಎಡಭುಜಕ್ಕೆ ಬೆನ್ನು ಕೊಟ್ಟು, ಕಾಲುಗಳನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿದರು. ಹಸು ನೆಟ್ಟಗಾಯಿತು.

ಬೆಳಕು ಕಂದುವ ಹೊತ್ತಾಯಿತು. ಗುರುಗಳು ಅಲುಗಿರಲಿಲ್ಲ. ಕೌಲೆಯ ಒಂದೊಂದು ಉಸಿರಿಗೂ ಅವರ ತೆಳ್ಳನೆಯ ಮೈ ಮುಂದೆ ಹೋಗಿ ಹಿಂದೆ ಬರುತ್ತಿತ್ತು.

ದೇವೀರಿ ಒಳಗೆ ಹೋಗಿ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿದಳು. ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು.

"ಬುದ್ಧಿ."

"ಹೂಂ."

"ಬಂದ ದಿನದಿಂದ ಒಂದೇ ಮಾತು ಕೇಳ್ತಿದ್ದೀನಿ. ನೀವು ನೀರು ಅಂದ್ರಿ, ನೊಣ ಅಂದ್ರಿ. ಯಾವುದೂ ನನಗೆ ಅರ್ಥ ಆಗ್ಲಿಲ್ಲ. ಹಳ್ಳ ಇಳಿದ ಮೇಲೆ ನಾನು ಸಾಕಕ್ಕನ ಜೊತೆ ಹೋಗ್ಲಾ, ಇಲ್ಲೇ ಇರ್ಲಾ? ಇವತ್ತಾದ್ರೂ ನನಗೆ ತಿಳಿಯೋ ಹಾಗೆ ಹೇಳಿ."

ಗುರುಗಳು ಕಣ್ಣು ತೆರೆದರು. ಗೋಡೆಗೆ ಒತ್ತಿದ ಅವರ ಕಾಲು ನಡುಗುತ್ತಿತ್ತು.

ಅವರು ಹೇಳಿದರು, "ಬೆನ್ನು ಸೋತುಹೋಯ್ತು ಮಗಾ. ಸ್ವಲ್ಪ ಹೊತ್ತು ನೀನು ಚೀಲ ಆಗ್ತೀಯಾ?"