ಗುರು ಕೊಟ್ಟ ರಿವಾಲ್ವರ್

"ಸುಳ್ಳೆಂದು ಕಣ್ಣಾರೆ ಕಂಡ ಮೇಲೆ ಮನುಷ್ಯ ಅದನ್ನು ಬಿಟ್ಟೇಬಿಡುತ್ತಾನಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಪರೀಕ್ಷಕನಿದ್ದ. ಗುರಿಪಂದ್ಯಕ್ಕೆಂದೇ ಮಾಡಿದ ಹಳೆಯ ರಿವಾಲ್ವರ್‌ಗಳನ್ನು ನೋಡಿ, ಇದು ಇಂಥ ಕಾಲದ್ದು ಎಂದು ಸಂಗ್ರಾಹಕರಿಗೆ ಬರೆದುಕೊಡುವುದು ಅವನ ಕಸುಬು. ಅವನ ಗುರು ಸಾಯುವಾಗ ಒಂದು ರಿವಾಲ್ವರನ್ನು ಕೈಗಿಟ್ಟು, "ಮೊದಮೊದಲು ಮಾಡಿದವು ಹೀಗಿದ್ದವು. ಉಳಿದದ್ದನ್ನು ಇದರ ಪಕ್ಕ ಇಟ್ಟು ನೋಡು" ಎಂದಿದ್ದ. ಗುರಿ ನೋಡಲೆಂದು ಅದರ ಮೇಲೆ ಹಿಂಬದಿಗೆ ಕೂರಿಸಿದ್ದ ಪಟ್ಟಿಗೆ ಎರಡು ಸ್ಕ್ರೂ ಇದ್ದವು. ಗುರು ಕೊಟ್ಟದ್ದನ್ನು ಬಿಚ್ಚಬಾರದು ಎಂಬುದು ಆ ಕಸುಬಿನವರ ಪದ್ಧತಿ. ಅವನೂ ಬಿಚ್ಚಲಿಲ್ಲ. ಆಯುಧಪೂಜೆಗೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದ, ಅಷ್ಟೆ.

ಒಮ್ಮೆ ಒಬ್ಬ ವಿಧವೆ ಗಂಡನ ರಿವಾಲ್ವರ್ ತಂದಳು. ಹಳೆಯದೆಂದು ಬರೆದುಕೊಟ್ಟರೆ ಸಂಗ್ರಾಹಕನೊಬ್ಬ ಗಂಡನ ಹೆಸರು ಹಾಕಿ ಇಟ್ಟುಕೊಳ್ಳುವವನಿದ್ದ. ಇಲ್ಲದಿದ್ದರೆ, ಪರವಾನಗಿ ಇದ್ದವನೇ ಸತ್ತದ್ದರಿಂದ, ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅಲ್ಲಿ ಕರಗಿಸಿಬಿಡುತ್ತಾರೆ.

"ಇದಕ್ಕೆ ಒಂದೇ ಸ್ಕ್ರೂ ತಾಯಿ. ಪಟ್ಟಿಯನ್ನು ಆಮೇಲೆ ಯಾರೋ ಕೂರಿಸಿದ್ದಾರೆ."

"ಮೊದಲಿಂದಲೂ ಹೀಗೇ ಇತ್ತು ಅಂತ ನಮ್ಮ ಯಜಮಾನರ ಅಪ್ಪ ಹೇಳಿದ್ದರಂತೆ."

"ಅಪ್ಪಂದಿರು ಹೇಳಿದ್ದೆಲ್ಲ ಕಬ್ಬಿಣಕ್ಕೆ ಗೊತ್ತಿರುವುದಿಲ್ಲ."

ಅವನು ಹಳೆಯದಲ್ಲವೆಂದು ಚೀಟಿ ಬರೆದುಕೊಟ್ಟ. ಅವಳು ಠಾಣೆಗೆ ಹೋದಳು.

ಕೆಲವು ವರ್ಷ ಕಳೆದವು. ಒಂದು ದಿನ ಗುರು ಕೊಟ್ಟ ರಿವಾಲ್ವರನ್ನು ಒರೆಸುತ್ತಿದ್ದಾಗ ತುಕ್ಕು ಹಿಡಿದ ಸ್ಕ್ರೂಗಳು ಮುರಿದು ಪಟ್ಟಿ ಕೈಗೆ ಬಂತು. ಕಾರ್ಖಾನೆಯಲ್ಲೇ ಕೂರಿಸಿದ್ದರೆ ಕಬ್ಬಿಣಕ್ಕೆ ಅಲ್ಲಿ ಕೊಡುವ ನೀಲಿ ಬಣ್ಣ ಪಟ್ಟಿಯ ಅಡಿಗೂ ಇರಬೇಕು. ಅಲ್ಲಿದ್ದದ್ದು ಬಣ್ಣವನ್ನು ಉಜ್ಜಿ ತೆಗೆದ ಅರದ ಗೀರುಗಳು. ಸಾಧಾರಣ ರಿವಾಲ್ವರಿಗೆ ಯಾರೋ ಎಷ್ಟೋ ಕಾಲದ ಮೇಲೆ ಪಂದ್ಯದ ಪಟ್ಟಿ ಹಾಕಿದ್ದರು. ತಾನು ಒಪ್ಪಿದವುಗಳಲ್ಲಿ ಯಾವುದು ನಕಲಿ, ತಳ್ಳಿದವುಗಳಲ್ಲಿ ಯಾವುದು ನಿಜ, ಅವನಿಗೆ ತಿಳಿಯದಾಯಿತು. ನೆಟ್ಟಗೆ ವಿಧವೆಯ ಮನೆಗೆ ಹೋದ.

"ತಾಯಿ, ನಿಮ್ಮದು ಹಳೆಯದೇ ಇದ್ದಿರಬಹುದು."

"ಇದ್ದಿರಬಹುದು ಅಂದರೆ? ಹೌದೋ ಅಲ್ಲವೋ?"

"ಪಟ್ಟಿ ಬಿಚ್ಚಿ ನೋಡಿದರೆ ಹೇಳಬಹುದಿತ್ತು."

"ಅದನ್ನು ಕರಗಿಸಿ ಆಯಿತಲ್ಲಪ್ಪ. ನೀವು ಬರೆದುಕೊಟ್ಟ ಚೀಟಿ ಇದೆ. ಅದನ್ನೇ ನೋಡ್ತೀರಾ?"

ಅವನು ಮನೆಗೆ ಬಂದು ಆ ರಿವಾಲ್ವರಿನ ಮುಂದೆ ಕುಳಿತ.

ಗುರುಗಳು ಇಷ್ಟಕ್ಕೇ ನಿಲ್ಲಿಸಿದರು. ಶಿಷ್ಯ ಕೇಳಿದ: "ಅದನ್ನು ಎಸೆದನೇ?"

"ಹೊಸ ಸ್ಕ್ರೂ ಹಾಕಿ ಪಟ್ಟಿಯನ್ನು ಮತ್ತೆ ಕೂರಿಸಿದ. ಮರುದಿನ ಬೆಳಿಗ್ಗೆ ಇನ್ನೊಬ್ಬರು ತಮ್ಮ ರಿವಾಲ್ವರ್ ತೋರಿಸಲು ಬರುವವರಿದ್ದರು, ಪಕ್ಕ ಇಟ್ಟು ನೋಡಲು ಒಂದು ಬೇಕಿತ್ತು."