ಗೂಟಕ್ಕೆ ತೂಗುಹಾಕಿದ ಸೌಟು

"ಗುರುಗಳೇ, ಒಬ್ಬರಿಗೆ ಇಲ್ಲ ಎಂದು ಹೇಳಿ ಮನಸ್ಸು ನೋಯಿಸುವುದಕ್ಕಿಂತ ಏನೂ ಹೇಳದೆ ಸುಮ್ಮನಿರುವುದು ಮೇಲಲ್ಲವೇ?"

ಕೇಳಿದವನು ಶಿಷ್ಯ ಸೋಮಯ್ಯ. ಮಠದ ಶಾಲೆಗೆ ಪಾಠ ಹೇಳುವವರನ್ನು ಆರಿಸುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿದ್ದರು. ಕೊನೆಯ ಸಂದರ್ಶನಕ್ಕೆ ಇಬ್ಬರು ಉಳಿದಿದ್ದರು. ಇಬ್ಬರೂ ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸಿದ್ದರು. ಒಬ್ಬರು ಕೆಲಸಕ್ಕೆ ಸೇರಿ ಆಗಲೇ ಕಾಗುಣಿತ ಶುರುಮಾಡಿದ್ದರು. ಇನ್ನೊಬ್ಬಳು ದೂರದ ಊರಿನ ಹೆಣ್ಣುಮಗಳು. "ಹೇಳಿ ಕಳಿಸುತ್ತೇವೆ ತಾಯಿ" ಎಂದು ಸೋಮಯ್ಯ ಅವಳನ್ನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಿದ್ದ.

ಪ್ರಶ್ನೆ ಕೇಳುತ್ತಿರುವಾಗಲೇ ಚಾಪೆಯ ಮೇಲಿದ್ದ ಅವನ ಫೋನು ನಡುಗಿತು. ಅವನು ಅದನ್ನು ಬೋರಲು ಹಾಕಿದ. ಗುರುಗಳು ನೋಡಿಯೂ ನೋಡದವರ ಹಾಗೆ ನಕ್ಕರು.

"ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಯಾತ್ರಿಕರಿಗೆಂದು ಒಂದು ಛತ್ರ ಕಟ್ಟಿಸಿದ. ಛತ್ರಕ್ಕೆ ಅಡುಗೆಯವನು ಬೇಕಾಗಿದ್ದ.

ಆ ಸೀಮೆಯ ಅಡುಗೆಯವರಲ್ಲಿ ಒಂದು ಪದ್ಧತಿ. ಕೆಲಸ ಕೇಳಿ ಬಂದವನು ಮೊದಲು ಒಂದು ಹೊತ್ತಿನ ಅಡುಗೆ ಮಾಡಿ ಬಡಿಸಬೇಕು. ಹೊರಡುವಾಗ ತನ್ನ ಸೌಟನ್ನು ಅಲ್ಲಿಯ ಅಡುಗೆಮನೆಯ ಗೂಟಕ್ಕೆ ತೂಗುಹಾಕಿ ಹೋಗಬೇಕು. ಯಜಮಾನನಿಗೆ ಒಪ್ಪಿಗೆಯಾದರೆ ಸೌಟು ಅಲ್ಲೇ ಇರುತ್ತದೆ, ಅಡುಗೆಯವನಿಗೆ ಕರೆ ಬರುತ್ತದೆ. ಬೇಡವಾದರೆ ಸೌಟಿನ ಜೊತೆ ಒಂದು ತೆಂಗಿನಕಾಯಿ ಇಟ್ಟು ಅವನ ಮನೆಗೆ ಕಳಿಸಬೇಕು. ಬರಿಗೈಯಲ್ಲಿ ಇಲ್ಲ ಎನ್ನಬಾರದು ಎಂದು ಹಿರಿಯರು ಮಾಡಿದ್ದು. ಸೌಟು ಒಂದು ಗೂಟದಲ್ಲಿ ಇರುವಾಗ ಇನ್ನೊಬ್ಬರ ಒಲೆ ಹಚ್ಚುವುದು ಸಲ್ಲದು. ಅದು ಅವರ ನಿಯತ್ತು.

ಇಬ್ಬರು ಬಂದರು. ಇಬ್ಬರ ಊಟವನ್ನೂ ವ್ಯಾಪಾರಿ ಬೆರಳು ನೆಕ್ಕಿಕೊಂಡು ಉಂಡ. ಮೊದಲನೆಯವನ ಸಾರಿನಲ್ಲಿ ಖಾರ ತುಸು ಮುಂದಿತ್ತು. ಎರಡನೆಯವನನ್ನು ಇಟ್ಟುಕೊಂಡ.

ಇನ್ನು ಮೊದಲನೆಯವನ ಸೌಟು ಕಳಿಸಬೇಕು. ವ್ಯಾಪಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅಂದೇ ಕಳಿಸಿಬಿಡುತ್ತಿದ್ದ. ಕಾಯಿ ಕೈಗೆ ತೆಗೆದುಕೊಂಡಾಗ, ಬಡಿಸುತ್ತ ಬಡಿಸುತ್ತ ಅಡುಗೆಯವನು ತನ್ನ ಮುಖವನ್ನೇ ನೋಡುತ್ತಿದ್ದದ್ದು ನೆನಪಾಯಿತು. "ಪಾಪ, ಇವತ್ತು ಬೇಡ" ಎಂದು ಕಾಯಿ ಕೆಳಗಿಟ್ಟ. ಮರುದಿನ ಅಮಾವಾಸ್ಯೆ. ಅದರ ಮರುದಿನ ಮಂಗಳವಾರ. ಕೆಟ್ಟ ಸುದ್ದಿಗೆ ಒಳ್ಳೆಯ ದಿನ ಯಾವ ಪಂಚಾಂಗದಲ್ಲಿದೆ? ಕೊನೆಗೆ ಆ ಕಾಯಿ ಚಟ್ನಿಯಾಯಿತು. "ಅವನಿಗೇ ಅರ್ಥವಾಗಿರುತ್ತದೆ ಬಿಡು" ಎಂದುಕೊಂಡು ವ್ಯಾಪಾರಿ ಚಟ್ನಿಯನ್ನು ಇಡ್ಲಿಗೆ ಹಚ್ಚಿಕೊಂಡು ತಿಂದ.

ಅಡುಗೆಯವನಿಗೆ ಅರ್ಥವಾದದ್ದೇ ಬೇರೆ. "ಬೇಡವಾಗಿದ್ದರೆ ಕಾಯಿ ಬರುತ್ತಿತ್ತಲ್ಲ?" ಎಂದಳು ಹೆಂಡತಿ. "ಬಂದಿಲ್ಲ ಅಂದರೆ ಬೇಕು ಅಂತಲೇ."

ಅವಳ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಅದು ಮದುವೆಗಳ ಕಾಲ, ಅಡುಗೆಯವರಿಗೆ ವರ್ಷದ ಅನ್ನ ಹುಟ್ಟುವ ಕಾಲ. ಅಕ್ಕಪಕ್ಕದ ಊರುಗಳಿಂದ ಬಂದು ಕರೆದರು. "ಸೌಟು ಛತ್ರದಲ್ಲಿದೆ, ಬರುವ ಹಾಗಿಲ್ಲ" ಎಂದ. ಅವರು ಬೇರೆಯವರನ್ನು ಕರೆದುಕೊಂಡು ಹೋದರು. ಓಲಗದ ಸದ್ದು ಕೇಳಿದಾಗಲೆಲ್ಲ ಹೆಂಡತಿ ಅವನ ಮುಖ ನೋಡುವಳು, ಅವನು ದಾರಿ ನೋಡುವನು.

ಆಷಾಢ ಬಂತು. ಮದುವೆಗಳು ನಿಂತವು. ಹೆಂಡತಿ ಕಂಡವರ ಮನೆಯಲ್ಲಿ ರಾಗಿ ಬೀಸತೊಡಗಿದಳು. ಅದನ್ನೂ ಅವನು ಹೇಗೋ ತಡೆದುಕೊಂಡ. ಆದರೆ ಕರೆಯೂ ಬರಲಿಲ್ಲ, ಕಾಯಿಯೂ ಬರಲಿಲ್ಲ. ಹಾಗಾದರೆ ಆ ದಿನದ ಅಡುಗೆಯಲ್ಲಿ ಬಾಯಿಬಿಟ್ಟು ಹೇಳಲಾಗದ ತಪ್ಪೇನೋ ಆಗಿರಬೇಕು ಎಂದು ಅವನಿಗೆ ಅನ್ನಿಸತೊಡಗಿತು. ಉಪ್ಪು ಹೆಚ್ಚಾಗಿತ್ತೇ? ಕಡಿಮೆಯಾಗಿತ್ತೇ? ಮನೆಯ ಸಾರಿಗೆ ಉಪ್ಪು ಹಾಕಲು ಹೋದರೂ ಕೈ ಪಾತ್ರೆಯ ಮೇಲೆ ನಿಂತುಬಿಡುತ್ತಿತ್ತು. ದೊಡ್ಡ ದೊಡ್ಡ ಪಂಕ್ತಿಗೆ ಅಂದಾಜಿನಲ್ಲೇ ಉಪ್ಪು ಹಾಕಿದ ಕೈ ಅದು. ಈಗ ಗಂಡ ಹೆಂಡಿರ ಸಾರಿಗೆ "ಇಷ್ಟು ಸಾಕೇನೇ?" ಎಂದು ಅವಳನ್ನು ಕೇಳುತ್ತಿದ್ದ. ಈ ಕತೆಯಲ್ಲಿ ನನಗೆ ಅಳು ಬರುವುದು ಇಲ್ಲೇ, ಮಗು.

ಒಂದು ಮಧ್ಯಾಹ್ನ ಸಂತೆಯಿಂದ ಮರಳುತ್ತಿದ್ದ ವ್ಯಾಪಾರಿಯ ಗಾಡಿಯ ಅಚ್ಚು ಮುರಿಯಿತು, ಅದೂ ಆ ಅಡುಗೆಯವನ ಊರ ಮುಂದೆಯೇ. ಹೊಟ್ಟೆ ಹಸಿದಿತ್ತು. ಹತ್ತಿರದ ಮನೆಗೆ ಹೋಗಿ ಒಂದು ತುತ್ತು ಅನ್ನ ಕೇಳಿದ. ಬಾಗಿಲು ತೆಗೆದವನು ಅದೇ ಅಡುಗೆಯವನು.

ಅಡುಗೆಯವನಿಗೆ ಹಿಗ್ಗೋ ಹಿಗ್ಗು. "ಕರೆ ಕಳಿಸುವುದು ಬಿಟ್ಟು ನೀವೇ ಬಂದುಬಿಟ್ಟಿರಾ ಧಣಿ!" ಎಂದ. ಕಾಲಿಗೆ ನೀರು ಕೊಟ್ಟ. ಮನೆಯಲ್ಲಿ ಉಳಿದಿದ್ದ ಬೇಳೆಯನ್ನೆಲ್ಲ ಬೇಯಿಸಿ ಸಾರು ಮಾಡಿದ. ಎಲೆ ಹಾಕಿ ಬಡಿಸಿದ. ವ್ಯಾಪಾರಿ ಒಂದು ತುತ್ತು ಬಾಯಿಗಿಟ್ಟ. ಸಾರಿಗೆ ಉಪ್ಪೇ ಇರಲಿಲ್ಲ.

"ಯಾವತ್ತಿನಿಂದ ಬರಲಿ ಧಣಿ?" ಎಂದು ಅಡುಗೆಯವನು ಕೇಳಿದ.

ತಪ್ಪಿಸಿಕೊಳ್ಳಲು ಅಂದು ಅಮಾವಾಸ್ಯೆಯೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ. ವ್ಯಾಪಾರಿ ಎಲೆಯನ್ನೇ ನೋಡುತ್ತ ಹೇಳಿದ.

"ಇಲ್ಲಪ್ಪ. ಆಗಲೇ ಬೇರೆಯವನನ್ನು ಇಟ್ಟುಕೊಂಡೆ. ನಿನ್ನ ಅಡುಗೆ ಚೆನ್ನಾಗಿಯೇ ಇತ್ತು. ಖಾರ ತುಸು ಮುಂದಾಯಿತು. ಯಾತ್ರೆಗೆ ಬರುವವರಲ್ಲಿ ಮುದುಕರೇ ಹೆಚ್ಚು, ಅವರಿಗೆ ತಡೆಯುವುದಿಲ್ಲ."

ಅಡುಗೆಯವನು ಗೋಡೆಗೆ ಒರಗಿ ಕುಳಿತ. ಒಳಗೆ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ತಲೆಯೆತ್ತಿ ಕೇಳಿದ.

"ಖಾರವಾ? ಅಷ್ಟೇನಾ?"

"ಅಷ್ಟೇ."

"ನಾನು ಉಪ್ಪು ಅಂದುಕೊಂಡಿದ್ದೆ ಧಣಿ."

ಅವನು ಎದ್ದು ಒಳಗೆ ಹೋದ. ಉಪ್ಪಿನ ಮಡಕೆಗೆ ಕೈ ಹಾಕಿದ. ಹೆಂಡತಿಯನ್ನು ಕೇಳಲಿಲ್ಲ. ಸಾರಿಗೆ ಉಪ್ಪು ಹಾಕಿ, ಒಂದು ಕುದಿ ಬರಿಸಿ, ತಂದು ಮತ್ತೆ ಬಡಿಸಿದ. ಸಾರು ಎಂದರೆ ಅದು ಸಾರು. ವ್ಯಾಪಾರಿ ಕಣ್ಣು ಒರೆಸಿಕೊಳ್ಳುತ್ತ ಉಂಡ. ಯಾಕೆ ಎಂದು ಕೇಳಿದ್ದಕ್ಕೆ ಖಾರ ಎಂದ.

ಮರುದಿನ ಅವನು ಸೌಟನ್ನೂ ಕಾಯಿಯನ್ನೂ ತಾನೇ ಹಿಡಿದುಕೊಂಡು ಆ ಮನೆಗೆ ನಡೆದುಹೋದ. ಶ್ರಾವಣದ ಮೊದಲ ಮದುವೆಗೆ ಅಡುಗೆಯವನು ಒಲೆ ಹಚ್ಚಿದ. ಕಳೆದುಹೋದ ಕಾಲ ಮಾತ್ರ ಕಾಯಿಯ ಜೊತೆ ತಿರುಗಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸೋಮಯ್ಯನ ಕಣ್ಣು ಒದ್ದೆಯಾಗಿತ್ತು.

"ಆದರೂ ವ್ಯಾಪಾರಿ ಒಳ್ಳೆಯವನೇ ಅಲ್ಲವೇ ಗುರುಗಳೇ? ನೋಯಿಸಬಾರದು ಅಂತಲೇ ಸುಮ್ಮನಿದ್ದ."

"ಒಳ್ಳೆಯವನೇ. ನಿನ್ನಷ್ಟೇ ಒಳ್ಳೆಯವನು" ಎಂದು ಗುರುಗಳು ಅವನ ತಲೆ ಸವರಿದರು.

ಬೋರಲು ಬಿದ್ದಿದ್ದ ಫೋನು ಚಾಪೆಯ ಮೇಲೆ ಮತ್ತೆ ನಡುಗಿತು. ಗುರುಗಳು ಅದರತ್ತ ಬೆರಳು ತೋರಿಸಿದರು.

"ಅದು ಯಾರ ಸೌಟು, ಮಗು?"