ಹನ್ನೆರಡು ಮಣೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಶಿಲುಬೆಗೇರುವ ಹಿಂದಿನ ದಿನ ಯೇಸುಸ್ವಾಮಿ ತಮ್ಮ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಪವಿತ್ರ ಗುರುವಾರದ ಸಂಜೆ ಗುರು ಜ್ಞಾನಪ್ಪನವರು ತಮ್ಮ ಹನ್ನೆರಡು ಮಂದಿಯ ಕಾಲು ತೊಳೆಯುತ್ತಿದ್ದರು.

ಆ ವರ್ಷ ಆಚೆ ದಡದವರು ಹೇಳಿ ಕಳಿಸಿದ್ದರು: "ಗುರುವಾರ ಹೊತ್ತು ಮುಳುಗೋದ್ರೊಳಗೆ ಜಾಗ ಖಾಲಿ ಮಾಡಿ. ಯೇಸುವಿನ ಹೆಸರು ಹೇಳೋನು ಒಬ್ಬ ಉಳಿದಿದ್ರೂ ಗುಡಿಸಲಿಗೆ ಬೆಂಕಿ ಇಡ್ತೀವಿ."

ಬುಧವಾರದ ಹೊತ್ತಿಗೆ ಹನ್ನೊಂದು ಮಂದಿ ಹೊರಟುಹೋಗಿದ್ದರು. ಒಬ್ಬನ ತಾಯಿಗೆ ಹುಷಾರಿಲ್ಲ. ಇನ್ನೊಬ್ಬನ ತಂಗಿಗೆ ಮದುವೆ. ಉಪವಾಸದ ಈ ತಪಸ್ಸುಕಾಲದಲ್ಲಿ ಕ್ರೈಸ್ತರ ಮನೆಯಲ್ಲಿ ಎಂಥ ಮದುವೆ! ಆದರೆ ಗುರುಗಳು ಕೆದಕಲಿಲ್ಲ.

ಉಳಿದವನು ಇನ್ನಾಸಪ್ಪ ಒಬ್ಬನೇ. ಅವನೇನು ಧೈರ್ಯವಂತನಲ್ಲ. ಹೋಗುತ್ತೇನೆಂದು ಹೇಳುವುದಕ್ಕೂ ಅವನಿಗೆ ಹೆದರಿಕೆ.

ಗುರುವಾರ ಸಂಜೆ ಬಟ್ಟೆಯ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಗುರುಗಳು ಹನ್ನೆರಡೂ ಮಣೆ ಹಾಕಿ ಕೂತಿದ್ದರು.

"ಯಾರೂ ಇಲ್ವಲ್ಲ ಗುರುಗಳೇ, ಇಷ್ಟೊಂದು ಮಣೆ ಯಾಕೆ?"

"ವಾಪಸು ಬಂದೋರು ನಿಂತೇ ಇರಬೇಕಾ? ನೀನು ಕೂತ್ಕೋ."

ಅಷ್ಟರಲ್ಲಿ ಆಚೆ ದಡದಲ್ಲಿ ತಮಟೆ ಶುರುವಾಯಿತು. ಇನ್ನಾಸಪ್ಪ ತಿರುಗಿ ನೋಡಿದ. ನಾಲ್ಕು ಹರಿಗೋಲು ನೀರಿಗಿಳಿದಿದ್ದವು. ಕೂತವರ ಕೈಯಲ್ಲಿ ಪಂಜು ಇತ್ತು, ಇನ್ನೂ ಹಚ್ಚಿರಲಿಲ್ಲ. ಅವನು ಗಂಟನ್ನು ಎದೆಗೆ ಅವುಚಿಕೊಂಡ.

"ನಾನು ಹೊರಟಿದ್ದೀನಿ ಗುರುಗಳೇ. ತಪ್ಪಾಯ್ತು. ನನ್ನ ಕೈಲಿ ಆಗಲ್ಲ."

"ಹೋಗಪ್ಪ. ಹಿತ್ತಲ ಬಾಗಿಲು ತೆಗೆದೇ ಇದೆ. ಕಾಲು ತೊಳೆಸಿಕೊಂಡು ಹೋಗು."

"ಓಡಿಹೋಗೋ ಕಾಲು ಇವು. ಮುಟ್ಟಬೇಡಿ."

"ಸ್ವಾಮಿ ಅವತ್ತು ತೊಳೆದದ್ದು ಎಂಥ ಕಾಲು ಅಂದ್ಕೊಂಡೆ? ಬೆಳಗಾಗೋದ್ರೊಳಗೆ ಅವೂ ಓಡಿದ್ವು."

ಇನ್ನಾಸಪ್ಪ ಮಣೆಯ ತುದಿಯಲ್ಲಿ ಕೂತ. ಗುರುಗಳು ಮೊಣಕಾಲೂರಿ ನೀರು ಸುರಿದರು. ಅರ್ಧ ನೀರು ನೆಲದ ಪಾಲಾಯಿತು. ವಯಸ್ಸಾಯಿತಲ್ಲ, ಅದಕ್ಕೇ ಕೈ ನಡುಗುತ್ತಿದೆ ಎಂದುಕೊಂಡ. ಆಮೇಲೆ ಅವರ ಮುಖ ನೋಡಿದ. ತುಟಿಯೂ ನಡುಗುತ್ತಿತ್ತು.

ಇದ್ದಬದ್ದ ಧೈರ್ಯವೂ ಉಡುಗಿಹೋಯಿತು. ಇಷ್ಟು ದಿನ ಇವರನ್ನೇ ನೋಡಿಕೊಂಡು ತಾನು ಉಳಿದದ್ದು!

"ನಿಮಗೂ ಭಯಾನಾ ಗುರುಗಳೇ?"

ಗುರುಗಳು ಬೆರಳಿನ ಸಂದಿಯನ್ನೂ ಬಿಡದೆ ಅವನ ಕಾಲು ಒರೆಸಿದರು.

"ಹಾಗಾದ್ರೆ ನಿಮ್ಮ ವಿಶ್ವಾಸ ಎಲ್ಲಿ ಹೋಯ್ತು?" ಇನ್ನಾಸಪ್ಪನಿಗೆ ಅಳುವೇ ಬಂತು. "ನಾವು ಯಾರನ್ನ ನೋಡಿ ನಿಲ್ಲೋದು?"

ತಮಟೆ ನಿಂತಿತು. ಈಚೆ ದಡದ ಮರಳಿನ ಮೇಲೆ ಹರಿಗೋಲು ಎಳೆಯುವ ಸದ್ದು ಕೇಳಿಸಿತು.

ಗುರುಗಳು ಎದ್ದು ಪಕ್ಕದ ಮಣೆಯ ಮೇಲೆ ಕೂತರು. ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಚೆಂಬನ್ನು ಅವನ ಕಡೆ ನೀಡಿದರು.

ಇನ್ನಾಸಪ್ಪ ಹಿತ್ತಲ ಬಾಗಿಲು ನೋಡಿದ. ಚೆಂಬು ನೋಡಿದ. ಕಡೆಗೆ ಗಂಟನ್ನು ಒಂದು ಖಾಲಿ ಮಣೆಯ ಮೇಲಿಟ್ಟು, ನೆಲಕ್ಕೆ ಮೊಣಕಾಲೂರಿದ.

"ಬಿಗಿಯಾಗಿ ಹಿಡ್ಕೊಂಡು ತೊಳಿ," ಎಂದರು ಗುರುಗಳು. "ಬೆಳಗ್ಗೆಯಿಂದ ಈ ಕಾಲೂ ಓಡೋಣ ಓಡೋಣ ಅಂತಾನೇ ಇದೆ."